ತಲಿಗಿ ಪೆಟ್ಟಾದ ಮ್ಯಾಲ ನಿದ್ದಿ ಕೆಟ್ಟದ: ಮೊದಲು ಏನು ನೋಡಬೇಕು?

ಆಳಂದದ ಅಕ್ಕಾರ, ಬೈಕಿನಿಂದ ಬಿದ್ದು ನಾಲ್ಕು ತಿಂಗಳಾದ ತಮ್ಮ ಹಗಲೆಲ್ಲ ತೂಕಡಿಸ್ತಾನ, ಕೇಳಿದ್ರ 'ನಿದ್ದಿ ಚಲೋ ಆಗ್ಯದ' ಅಂತಾನ, ನಿದ್ದಿ ಗುಳಿಗಿ ಕೊಡಬಹುದೇನು ಅಂತ ಕೇಳೀರಿ. ಈಗೇ ಬ್ಯಾಡ್ರಿ. ಮಿದುಳಿಗೆ ಪೆಟ್ಟಾದವರಿಗೆ ತಮ್ಮ ನಿದ್ದಿ ಕೆಟ್ಟದ್ದು ಎಷ್ಟೋ ಸಲ ಗೊತ್ತೇ ಆಗೂದಿಲ್ಲ. ಎರಡು ವಾರ ನೀವೇ ವಹಿಯೊಳಗ ಬರೀರಿ: ಮಲಗಿದ್ದು, ಎದ್ದದ್ದು ಎಷ್ಟಕ್ಕ, ಹಗಲಿನ್ಯಾಗ ಎಷ್ಟು ಸಲ ತೂಕಡಿಸಿದ, ಚಹಾ ಎಷ್ಟು, ಯಾವ ಗುಳಿಗಿ ಯಾವಾಗ. ಫಿಟ್ಸಿಗೆ ಕೊಡೂ ಲೆವೆಟಿರಾಸೆಟಮ್ ಸುದ್ದಾ ಮಂಪರು ತರ್ತದ. ಆದ್ರ ನೀವಾಗೇ ನಿಲ್ಲಿಸಬ್ಯಾಡ್ರಿ. ಬ್ಯಾಸಗಿ ಸೆಖಿಗೆ ಮಾಳಗಿ ಮ್ಯಾಲ ಮಲಗಿದ್ರ ಅದನ್ನೂ ಬರೀರಿ.

ಗೊರಕಿ ಮಾತ್ರ ಬಿಡಬ್ಯಾಡ್ರಿ. ರಾತ್ರಿ ಬಾಜೂಕ ಕೂತು ಎದಿ ನೋಡ್ರಿ. ಗೊರಕಿ ನಿಂತು, ಎದಿ ಎಳೀತಿದ್ರೂ 10 ಸೆಕೆಂಡು ಉಸಿರು ಬರದೆ, ಆಮ್ಯಾಲ ಗಕ್ಕನೆ ಎಳಕೊಂಡ್ರ ಸ್ಲೀಪ್ ಆಪ್ನಿಯಾ (ನಿದ್ದಿಯಾಗ ಉಸಿರು ನಿಂತು ನಿಂತು ಬರೂ ತೊಂದ್ರಿ) ಇರಬಹುದು. ಮೊಬೈಲಿನ್ಯಾಗ ವಿಡಿಯೊ ಮಾಡ್ರಿ. ಅಂಥವರಿಗೆ ನಿದ್ದಿ ಗುಳಿಗಿ ಉಸಿರನ್ನ ಇನ್ನೂ ಕೆಡಿಸಬಹುದು. ವಹಿ, ವಿಡಿಯೊ ಎರಡೂ ನ್ಯೂರೋ ಡಾಕ್ಟರಿಗೆ ತೋರಿಸಿ ಪಾಲಿಸೋಮ್ನೋಗ್ರಫಿ (ರಾತ್ರಿ ಮಲಗಿಸಿ ಉಸಿರು, ನಿದ್ದಿ ಅಳಿಯೂ ಪರೀಕ್ಷಾ) ಬೇಕೇನು ಕೇಳ್ರಿ. ಹಗಲು ತೂಕಡಿಕಿ ಎಷ್ಟದ ಅಂತ ಕೇಳಿ ಅಂಕ ಹಾಕೂ ಎಪ್ವರ್ತ್ ಪ್ರಶ್ನಾವಳಿಯಾಗ 24ಕ್ಕ 10 ದಾಟಿದ್ರ ಹಗಲು ನಿದ್ದಿ ಅತಿ ಅಂತ ಲೆಕ್ಕ. ಉತ್ತರ ಅವನವೇ ಆದ್ದರಿಂದ ಕಡಿಮಿ ಬಂದ್ರೂ ನಿಶ್ಚಿಂತಿ ಆಗಬ್ಯಾಡ್ರಿ.

ತೂಕಡಿಕಿ ದಿನಾ ಏರಿ, ತಲಿನೋವು, ವಾಂತಿ ಇಲ್ಲಾ ಒಂದು ಕಡಿ ಕೈಕಾಲು ಸೋಲೂದು ಕೂಡಿದ್ರ ಎರಡು ವಾರ ಕಾಯಬ್ಯಾಡ್ರಿ, ಅವತ್ತೇ ದವಾಖಾನಿಗೆ ಒಯ್ದು ಸಿಟಿ ಸ್ಕ್ಯಾನ್ ಮಾಡಸ್ರಿ. ತಲಿಯೊಳಗ ರಕ್ತ ಮೆಲ್ಲಗ ಕೂಡಿರಬಹುದು.