ಸಂಪಾದಕರ ಉತ್ತರ: ಚಿತ್ರದ ಮೇಲಿನ ಆ ಕಪ್ಪು ಗೆರೆಗಳು

ಹಾಸನದ ನಿವೃತ್ತ ಭೌತಶಾಸ್ತ್ರ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯ ಸಿಂಕ್ರೊಟ್ರಾನ್ (ಎಲೆಕ್ಟ್ರಾನುಗಳನ್ನು ಸುತ್ತಿಸಿ ಎಕ್ಸ್‌ರೇ ಹುಟ್ಟಿಸುವ ಯಂತ್ರ) ಲೇಖನದಲ್ಲಿ ಸ್ವಿಟ್ಜರ್ಲೆಂಡಿನ ಎಕ್ಸ್‌ರೇ ಕ್ಯಾಮೆರಾಕ್ಕೆ 60 ಲಕ್ಷ ಪಿಕ್ಸೆಲ್ ಎಂದು ಹೊಗಳಿದ್ದೀರಿ. ನನ್ನ ಮೊಮ್ಮಗನ ಫೋನಿನಲ್ಲೇ 5 ಕೋಟಿ ಇವೆ. ಜತೆಗಿದ್ದ ಚಿತ್ರದ ತುಂಬ ಕಪ್ಪು ಗೆರೆಗಳು. ಮುದ್ರಣದೋಷವೇ? ಜರ್ಮನಿಯ ಎಕ್ಸ್‌ರೇ ಲೇಸರ್ ಯಂತ್ರ ಎಕ್ಸ್‌ಎಫ್‌ಇಎಲ್‌ನಲ್ಲೂ ಎಕ್ಸ್‌ರೇಯ ಕಣಗಳಾದ ಫೋಟಾನುಗಳನ್ನು ಒಂದೊಂದಾಗಿ ಎಣಿಸುತ್ತಾರೆ ಎಂದಿದ್ದೀರಿ. ಎಲ್ಲವೂ ಒಂದೇ ಏಟಿಗೆ ಬಂದರೆ ಎಣಿಸುವುದು ಹೇಗೆ ಸ್ವಾಮಿ?"

ಮೇಷ್ಟ್ರೇ,

ಕೊನೆಯದರಲ್ಲಿ ನೀವು ಹೇಳಿದ್ದೇ ಸರಿ, ನಾವು ಬರೆದದ್ದು ತಪ್ಪು. ಅದಕ್ಕೆ ಆಮೇಲೆ ಬರುತ್ತೇನೆ.

ಗೆರೆಗಳಿಗೆ ಮಾತ್ರ ನಮ್ಮ ಪ್ರೆಸ್ಸಿನವರನ್ನು ಬೈಯಬೇಡಿ. (ಬೈಯಲು ಬೇರೆ ಕಾರಣಗಳು ಬೇಕಾದಷ್ಟಿವೆ.) ಆ ಚಿತ್ರ ತೆಗೆದದ್ದು ನೀವು ಹೇಳಿದ ಅದೇ ಕ್ಯಾಮೆರಾ, ಹೆಸರು ಪಿಲಾಟಸ್ 6ಎಂ. ಜಿನೀವಾದ ಕಣಭೌತ ಪ್ರಯೋಗಾಲಯ ಸರ್ನ್‌ನ ಸಿಎಂಎಸ್ ಪ್ರಯೋಗಕ್ಕೆ ಪಿಕ್ಸೆಲ್ ಪತ್ತೆಕಾರಕ ಮಾಡುತ್ತಿದ್ದ ಸ್ವಿಟ್ಜರ್ಲೆಂಡಿನ ಪಾಲ್ ಶೆರರ್ ಸಂಸ್ಥೆಯಲ್ಲೇ ಇದೂ ಹುಟ್ಟಿತು. 2007ರಲ್ಲಿ ಅಲ್ಲಿನ ಸಿಂಕ್ರೊಟ್ರಾನ್‌ನಲ್ಲಿ ಕೆಲಸಕ್ಕೆ ಕೂತಿತು. ಇದು ಒಂದೇ ಹಾಳೆಯಲ್ಲ. ನೆಲಕ್ಕೆ ಟೈಲ್ಸ್ ಹಾಕಿದ ಹಾಗೆ 60 ಹಲಗೆಗಳನ್ನು ಜೋಡಿಸಿದ್ದಾರೆ, ಅಡ್ಡಕ್ಕೆ 5, ಉದ್ದಕ್ಕೆ 12. ನಡುವಿನ ಸಂದಿನಲ್ಲಿ ಬಿದ್ದ ಎಕ್ಸ್‌ರೇ ಲೆಕ್ಕಕ್ಕೆ ಸಿಗುವುದಿಲ್ಲ. ನೀವು ಕಂಡ ಗೆರೆಗಳು ಅವೇ. ಭೌತಶಾಸ್ತ್ರದ ಮೇಷ್ಟ್ರಲ್ವಾ, ಗುಣಿಸಿ ನೋಡಿ: ಒಂದು ಹಲಗೆಗೆ 487 ಗುಣಿಸು 195 ಪಿಕ್ಸೆಲ್. 60 ಹಲಗೆಗೆ ಸುಮಾರು 57 ಲಕ್ಷ. ಚಿತ್ರದ ಒಟ್ಟು 62 ಲಕ್ಷದಲ್ಲಿ ಉಳಿದ 5 ಲಕ್ಷ ಬರೀ ಸಂದು! ಎಕ್ಸ್‌ರೇ ಬೀಳುವ ಪ್ರೋಟೀನ್ ಹರಳನ್ನು ತಿರುಗಿಸುತ್ತಾ ಚಿತ್ರ ತೆಗೆಯುವುದರಿಂದ, ಒಂದು ಚಿತ್ರದಲ್ಲಿ ಸಂದಿಗೆ ಹೋದ ಮಾಹಿತಿ ಹೆಚ್ಚಿನ ಸಲ ಇನ್ನೊಂದರಲ್ಲಿ ಸಿಗುತ್ತದೆ.

ಇನ್ನು ಮೊಮ್ಮಗನ ಫೋನು. ಫೋನಿಗೆ ಮಸೂರವಿದೆ. ಇಡೀ ದೃಶ್ಯವನ್ನು ಅದು ಉಗುರಿನಷ್ಟು ಜಾಗಕ್ಕೆ ಇಳಿಸಿಕೊಡುತ್ತದೆ. ಪ್ರೋಟೀನ್ ಹರಳಿಗೆ ತಾಗಿ ನಾನಾ ದಿಕ್ಕಿಗೆ ಚೆದುರುವ ಎಕ್ಸ್‌ರೇಗಳನ್ನು ಗಾಜಿನ ಮಸೂರದಿಂದ ಹಾಗೆ ಕೂಡಿಸಲಾಗದು. ಹೋದಲ್ಲೇ ಹಿಡಿಯಬೇಕು. ಅದಕ್ಕೇ ಪಿಲಾಟಸ್ 6ಎಂ 40 ಸೆಂಟಿಮೀಟರಿಗಿಂತ ಅಗಲ, ಒಂದೊಂದು ಪಿಕ್ಸೆಲ್ 172 ಮೈಕ್ರಾನ್.

ಆ ಪಿಕ್ಸೆಲ್‌ನೊಳಗೆ ಏನಿದೆ ಎನ್ನುವುದೇ ನನಗೆ ಜಾಸ್ತಿ ಇಷ್ಟವಾದ ಸಂಗತಿ. ಮೇಲೆ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ದಪ್ಪದ ಸಿಲಿಕಾನ್ ಹಾಳೆ, ಕೆಳಗೆ ಎಲೆಕ್ಟ್ರಾನಿಕ್ ಚಿಪ್. ಎರಡನ್ನೂ ಪಿಕ್ಸೆಲ್‌ಗೊಂದರಂತೆ, ಸಾಸಿವೆಗಿಂತ ಎಷ್ಟೋ ಸಣ್ಣ ಇಂಡಿಯಂ ಗುಂಡುಗಳಿಂದ ಅಂಟಿಸಿರುತ್ತಾರೆ. 12 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಒಂದು ಫೋಟಾನ್ ಬಿದ್ದರೆ ಸಿಲಿಕಾನ್‌ನಲ್ಲಿ ಸುಮಾರು 3,300 ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ. ಅದರ ಅರ್ಧಕ್ಕಿಂತ ಹೆಚ್ಚು ಬಂದರೆ ಮಾತ್ರ ಆ ಪಿಕ್ಸೆಲ್ "ಒಂದು" ಎಂದು ಬರೆದುಕೊಳ್ಳುತ್ತದೆ. ಅರ್ಧವೇ ಯಾಕೆ? ಎರಡು ಪಿಕ್ಸೆಲ್‌ಗಳ ಗಡಿಯಲ್ಲಿ ಫೋಟಾನ್ ಬಿದ್ದರೆ ಎಲೆಕ್ಟ್ರಾನುಗಳು ಎರಡಕ್ಕೂ ಹಂಚಿಹೋಗುತ್ತವೆ. ಬೇಲಿಯ ಮೇಲೆ ಬಿದ್ದ ತೆಂಗಿನಕಾಯಿ ಎರಡೂ ತೋಟದ ಲೆಕ್ಕಕ್ಕೆ ಸೇರಬಾರದಲ್ಲ! ಸಣ್ಣಪುಟ್ಟ ವಿದ್ಯುತ್ ಗದ್ದಲ ಆ ಅರ್ಧ ದಾಟುವುದೇ ಇಲ್ಲ. ಹಾಗಾಗಿ ಏನೂ ಬೀಳದ ಕಡೆ ಸೊನ್ನೆ ಅಂದರೆ ಸೊನ್ನೆಯೇ. ಕತ್ತಲಲ್ಲಿ ತೆಗೆದ ಫೋನಿನ ಫೋಟೊದಲ್ಲಿ ಬರುವ ಕಾಳುಕಾಳು ಇಲ್ಲಿಲ್ಲ. ಮಸುಕು ಚುಕ್ಕೆಯನ್ನೂ ನಂಬಬಹುದು.

ವೇಗವನ್ನೂ ನೋಡಿ. ಹಿಂದಿನ ಸಿಸಿಡಿ ಕ್ಯಾಮೆರಾಗಳಲ್ಲಿ ಒಂದು ಚಿತ್ರವನ್ನು ಓದಿಕೊಳ್ಳಲು ಸೆಕೆಂಡುಗಟ್ಟಲೆ ಕಾಯಬೇಕಿತ್ತು. ಇದಕ್ಕೆ ಮೂರ್ನಾಲ್ಕು ಮಿಲಿಸೆಕೆಂಡು ಸಾಕು.

ಈಗ ನಮ್ಮ ತಪ್ಪು. ಎಣಿಸಬೇಕಾದರೆ ಫೋಟಾನುಗಳು ಒಂದರ ಹಿಂದೊಂದು ಬರಬೇಕು. ಹ್ಯಾಂಬರ್ಗ್ ಹತ್ತಿರದ ಯುರೋಪಿಯನ್ ಎಕ್ಸ್‌ಎಫ್‌ಇಎಲ್‌ನಲ್ಲಿ ಒಂದು ಮಿಡಿತದ, ಅಂದರೆ ಎಕ್ಸ್‌ರೇಯ ಒಂದು ಏಟಿನ, ಎಲ್ಲ ಫೋಟಾನುಗಳೂ 100 ಫೆಮ್ಟೊಸೆಕೆಂಡಿನೊಳಗೆ (ಸೆಕೆಂಡಿನ ಹತ್ತು ಲಕ್ಷ ಕೋಟಿಯಲ್ಲಿ ಒಂದು ಪಾಲು) ಬಂದು ಬೀಳುತ್ತವೆ. ಎಣಿಸುವ ಪಿಕ್ಸೆಲ್‌ಗೆ ಸಾವಿರ ಬಂದರೂ "ಒಂದು". ಅದಕ್ಕೇ ಅಲ್ಲಿ ತೂಗುತ್ತಾರೆ. ಹುಂಡಿಯ ಚಿಲ್ಲರೆ ನೆನಪಿಸಿಕೊಳ್ಳಿ. ಒಂದೇ ಬಗೆಯ ನಾಣ್ಯಗಳನ್ನು ರಾಶಿ ಹಾಕಿ ತೂಗಿ, ಒಂದು ನಾಣ್ಯದ ತೂಕದಿಂದ ಭಾಗಿಸಿದರೆ ಆಯಿತು. ಇಲ್ಲಿ ಫೋಟಾನುಗಳ ಶಕ್ತಿ ಹೆಚ್ಚುಕಡಿಮೆ ಒಂದೇ, ಆದ್ದರಿಂದ ಒಟ್ಟು ವಿದ್ಯುದಂಶ ಅಳೆದರೆ ಸಾಕು.

ತೊಂದರೆ ಏನೆಂದರೆ, ಒಂದು ಪಿಕ್ಸೆಲ್‌ಗೆ ಒಂದೇ ಫೋಟಾನ್, ಪಕ್ಕದ್ದಕ್ಕೆ ಸಾವಿರಾರು. ಅಕ್ಕಸಾಲಿಗರ ತಕ್ಕಡಿಯೂ ಬೇಕು, ಮಂಡಿಯ ತಕ್ಕಡಿಯೂ ಬೇಕು. ಅಲ್ಲಿನ ಎಜಿಐಪಿಡಿ ಎಂಬ ಪತ್ತೆಕಾರಕದಲ್ಲಿ ಪ್ರತಿ ಪಿಕ್ಸೆಲ್‌ಗೂ ಮೂರು ತಕ್ಕಡಿ. ಬಿದ್ದ ಭಾರ ನೋಡಿ ಅದೇ ಬದಲಾಯಿಸಿಕೊಳ್ಳುತ್ತದೆ.

ಇಷ್ಟಾದರೂ ಅದಕ್ಕೆ ಎಲ್ಲವನ್ನೂ ಹಿಡಿಯಲಾಗದು. ಆ ಯಂತ್ರ ಸೆಕೆಂಡಿಗೆ 10 ಕಂತು, ಕಂತಿಗೆ 2,700 ಮಿಡಿತ ಕೊಡಬಲ್ಲದು. ಎಜಿಐಪಿಡಿ ಒಂದು ಕಂತಿನಲ್ಲಿ ನೆನಪಿಟ್ಟುಕೊಳ್ಳುವುದು 352 ಚಿತ್ರ ಮಾತ್ರ. ಕಂತುಗಳ ನಡುವಿನ ಬಿಡುವಿನಲ್ಲಿ ಅವನ್ನು ಹೊರಗೆ ಕಳಿಸಿ ಮತ್ತೆ ಖಾಲಿಯಾಗುತ್ತದೆ. ಪೂರಾ ಕಂತು ಬಂದಾಗ ಉಳಿದ ಮಿಡಿತಗಳು ಹಾಗೇ ಹೋಗುತ್ತವೆ.

ತಿದ್ದುಪಡಿಯನ್ನು ಮುಂದಿನ ಸಂಚಿಕೆಯಲ್ಲಿ ಬೇರೆಯಾಗಿಯೂ ಹಾಕುತ್ತೇವೆ.

— ಸಂ.