ಹೋಗಬೇಡ ಎನ್ನುವುದು ಸುಲಭ

ಗಂಗಾವತಿ ತಾಲ್ಲೂಕಿನ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಬರೆದ ಪತ್ರದ ಮುಖ್ಯ ಭಾಗ: ‘ನಮ್ಮ ಓಣಿಯ 26 ವರ್ಷದ ಹೆಣ್ಣುಮಗಳೊಬ್ಬಳು ಮನೆಗೆಲಸಕ್ಕೆಂದು ಒಮಾನ್ ದೇಶದ ಮಸ್ಕತ್ತಿಗೆ ಹೋಗಿ, ಏಳು ತಿಂಗಳ ಸಂಬಳ ಕಳೆದುಕೊಂಡು ಉಟ್ಟ ಬಟ್ಟೆಯಲ್ಲಿ ಮರಳಿದ್ದಾಳೆ. ಆಕೆಗೆ ಹತ್ತನೆಯ ತರಗತಿಯೂ ಆಗಿಲ್ಲ. ಅಲ್ಲಿಯವರು ಪಾಸ್‌ಪೋರ್ಟ್ ಕಸಿದುಕೊಂಡು ಹಗಲಿರುಳು ದುಡಿಸಿದ್ದಾರೆ. ನಮ್ಮ ಹೆಣ್ಣುಮಕ್ಕಳು ಇಂಥ ದೇಶಗಳಿಗೆ ಮನೆಗೆಲಸಕ್ಕೆ ಹೋಗುವುದನ್ನು ಸರ್ಕಾರ ಪೂರ್ತಿಯಾಗಿ ನಿಷೇಧಿಸಬೇಕು. ನಿಮ್ಮ ಪತ್ರಿಕೆ ದನಿ ಎತ್ತಲಿ.’

ಸಂಪಾದಕರ ಉತ್ತರ:

ಗುರುಗಳೇ, ನಿಮ್ಮ ಸಿಟ್ಟು ನ್ಯಾಯವಾದದ್ದು. ಮನೆಯ ಒಡೆಯನೇ ವೀಸಾದ ಪ್ರಾಯೋಜಕನೂ ಆಗಿರುವ ಕಫಾಲಾ ಪದ್ಧತಿಯಲ್ಲಿ ಕೆಲಸ ಬಿಟ್ಟು ಹೊರಬಂದವಳು ಆ ಕ್ಷಣದಿಂದಲೇ ಅಪರಾಧಿಯಾಗುತ್ತಾಳೆ. 2015ರಲ್ಲಿ ರಿಯಾದ್‌ನ ಮನೆಯೊಂದರಲ್ಲಿ ಕೆಲಸಕ್ಕಿದ್ದ ತಮಿಳುನಾಡಿನ ಮಹಿಳೆಯೊಬ್ಬರು ತಪ್ಪಿಸಿಕೊಳ್ಳಲು ಹೋಗಿ ಕೈ ಕಳೆದುಕೊಂಡ ಸುದ್ದಿಯನ್ನು ನಾವ್ಯಾರೂ ಮರೆತಿಲ್ಲ. ಇಂಥದ್ದನ್ನು ಕೇಳಿದ ಯಾರಿಗೇ ಆದರೂ ‘ಸಾಕು, ಬಾಗಿಲು ಮುಚ್ಚಿಬಿಡಿ’ ಎನ್ನಿಸುವುದು ಸಹಜ. ನಿಮ್ಮ ವಾದಕ್ಕೆ ಸಲ್ಲಬೇಕಾದ ಗೌರವವನ್ನು ಇಲ್ಲಿಗೆ ಸಲ್ಲಿಸಿದ್ದೇನೆ; ಇನ್ನು ಮುಂದೆ ನಾನು ನಿಮ್ಮೊಡನೆ ಜಗಳವನ್ನೇ ಆಡಬೇಕಾಗಿದೆ.

ನೀವು ಕೇಳುತ್ತಿರುವ ನಿಷೇಧ ಬಹುಪಾಲು ಈಗಾಗಲೇ ಜಾರಿಯಲ್ಲಿದೆ. 1983ರ ವಲಸೆ ಕಾಯ್ದೆಯ ವ್ಯವಸ್ಥೆಯಲ್ಲಿ ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟ್ ‘ಇಸಿಆರ್’, ಅಂದರೆ ವಲಸೆ ತಪಾಸಣೆ ಕಡ್ಡಾಯವಾದ, ವರ್ಗಕ್ಕೆ ಸೇರುತ್ತದೆ. ಅಂಥವರು ಕೊಲ್ಲಿ ರಾಷ್ಟ್ರಗಳೂ ಸೇರಿದ ಕೆಲವು ದೇಶಗಳಿಗೆ ದುಡಿಯಲು ಹೋಗಬೇಕಾದರೆ ವಿದೇಶಾಂಗ ಇಲಾಖೆಯ ಅಧಿಕಾರಿಯಾದ ವಲಸೆ ಸಂರಕ್ಷಕರ ಅನುಮತಿ ಪಡೆಯಲೇಬೇಕು. ಮನೆಗೆಲಸಕ್ಕೆ ಹೊರಟ ಮಹಿಳೆಗೆ 30 ವರ್ಷ ತುಂಬಿರದಿದ್ದರೆ ಆ ಅನುಮತಿ ಸಿಗುವುದಿಲ್ಲ. 2016ರಿಂದ ಈಚೆಗೆ, 30 ತುಂಬಿದವರನ್ನೂ ಗೊತ್ತುಪಡಿಸಿದ ಸರ್ಕಾರಿ ಸಂಸ್ಥೆಗಳ ಮೂಲಕವೇ ಕಳುಹಿಸಬೇಕೆಂಬ ನಿಯಮ ಬಂದಿದೆ. ಅಂದ ಮೇಲೆ, ನಿಮ್ಮ ಓಣಿಯ ಹೆಣ್ಣುಮಗಳಿಗೆ ಕಾನೂನಿನ ಪ್ರಕಾರ ಈ ಕೆಲಸಕ್ಕೆ ಹೋಗಲು ದಾರಿಯೇ ಇರಲಿಲ್ಲ. ಆದರೂ ಹೋದಳು. ನಿಷೇಧ ಕೇಳುವ ಮೊದಲು, ಇರುವ ನಿಷೇಧವನ್ನು ಆಕೆ ದಾಟಿದ್ದು ಹೇಗೆ ಎಂದು ನೀವು ಕೇಳಬೇಕಿತ್ತು.

ದಾಟಿದ್ದು ಬಹುಶಃ ವಿಸಿಟ್ ವೀಸಾದಲ್ಲಿ. ನಮ್ಮ ಭಾಗದ ಸಬ್ ಏಜೆಂಟರ ಹಾಡಾಗಿರುವ ದಾರಿ ಇದು: ‘ಚಿಕ್ಕಮ್ಮನ ಮಗಳನ್ನು ನೋಡಲು ಹೊರಟಿದ್ದೇನೆ ಎಂದು ಹೇಳು, ಅಲ್ಲಿ ಇಳಿದ ಮೇಲೆ ವೀಸಾ ಬದಲಾಯಿಸುತ್ತಾರೆ.’ ಪ್ರವಾಸಿಗೆ ವಲಸೆ ಅನುಮತಿ ಬೇಕಿಲ್ಲ. ಹಾಗಾಗಿ ದುಡಿಯಲು ಹೊರದೇಶಕ್ಕೆ ಹೋಗುವವರನ್ನು ನೋಂದಾಯಿಸುವ ಸರ್ಕಾರಿ ಜಾಲತಾಣ ಇ-ಮೈಗ್ರೇಟ್‌ನಲ್ಲಿ ಆಕೆಯ ಹೆಸರಿಲ್ಲ, ರಾಯಭಾರ ಕಚೇರಿಯಲ್ಲಿ ಆಕೆಯ ಒಪ್ಪಂದದ ಪ್ರತಿಯಿಲ್ಲ, ಎರಡು ವರ್ಷಕ್ಕೆ 275 ರೂಪಾಯಿ ಕಟ್ಟಿದರೆ 10 ಲಕ್ಷ ರೂಪಾಯಿಯ ಅಪಘಾತ ವಿಮೆ ಕೊಡುವ ಪ್ರವಾಸಿ ಭಾರತೀಯ ಬಿಮಾ ಯೋಜನೆಯೂ ಇಲ್ಲ. ಆಕೆಗೆ ಏನಾದರೂ ಆದರೆ, ಆಕೆ ಅಲ್ಲಿದ್ದಾಳೆ ಎಂಬುದೇ ಭಾರತ ಸರ್ಕಾರಕ್ಕೆ ಗೊತ್ತಿರುವುದಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದೆಂದರೆ ಇದೇ: ಹೋಗುವವಳು ನಿಲ್ಲಲಿಲ್ಲ, ಹೋದವಳ ಬೆನ್ನಿಗಿದ್ದ ಕಾನೂನು ಮಾತ್ರ ನಿಂತುಹೋಯಿತು.

ಲಿಂಗಸುಗೂರು ಕಡೆಯ ಮಹಿಳೆಯೊಬ್ಬರು ಕೆಲವು ವರ್ಷಗಳ ಹಿಂದೆ ನಮ್ಮ ಕಚೇರಿಗೆ ಬಂದು, ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಮಡಿಚಿಟ್ಟಿದ್ದ ಎರಡು ಕಾಗದಗಳನ್ನು ಮೇಜಿನ ಮೇಲೆ ಬಿಡಿಸಿದ್ದರು. ಎರಡೂ ಸೌದಿ ಅರೇಬಿಯಾದ ಮನೆಗೆಲಸದ ಒಪ್ಪಂದಗಳೇ. ಮೊದಲನೆಯದು ಇಲ್ಲಿ ಹೊರಡುವಾಗ ತೋರಿಸಿದ್ದು, ಅದರಲ್ಲಿ ತಿಂಗಳಿಗೆ 1,500 ರಿಯಾಲ್. ಎರಡನೆಯದು ಅಲ್ಲಿ ಇಳಿದ ಮೇಲೆ ಮಕ್ತಬ್‌ನಲ್ಲಿ, ಅಂದರೆ ಅಲ್ಲಿನ ನೇಮಕಾತಿ ಕಚೇರಿಯಲ್ಲಿ, ಹೆಬ್ಬೆಟ್ಟು ಒತ್ತಿಸಿಕೊಂಡದ್ದು, ಅದರಲ್ಲಿ 900. ಎರಡನೆಯದರಲ್ಲಿ ಅರಬ್ಬಿ ಬಿಟ್ಟು ಬೇರೆ ಭಾಷೆಯ ಒಂದಕ್ಷರವೂ ಇರಲಿಲ್ಲ. ಸಂಖ್ಯೆಯನ್ನು ಓದಿಸಿಕೊಳ್ಳಲು ನಾವು ಪಕ್ಕದ ಮದರಸಾದ ಮೌಲ್ವಿಯವರನ್ನು ಕರೆಸಬೇಕಾಯಿತು. ‘ಸಹಿ ಮಾಡೋ ಮುಂದ ಓದಿ ಹೇಳ್ರಿ ಅಂತ ಕೇಳಬೇಕಿತ್ತಲ್ಲವಾ?’ ಎಂದು ನಮ್ಮ ಉಪಸಂಪಾದಕರು ಬುದ್ಧಿ ಹೇಳಲು ಹೋದಾಗ ಆಕೆ ಕೊಟ್ಟ ಉತ್ತರ: ‘ಓದಾಕ ಬರ್ತಿದ್ರ ನಾ ಅಷ್ಟು ದೂರ ಯಾಕ ಹೋಗ್ತಿದ್ದೆ ಸರ?’

ಈಗ ನಿಮ್ಮ ಪತ್ರವನ್ನೇ ಮತ್ತೊಮ್ಮೆ ಓದಿ. ಆ ದೇಶದ ಹೆಸರಿದೆ, ಅಲ್ಲಿಯ ಜನರ ಸ್ವಭಾವದ ಬಗ್ಗೆ ಎರಡು ಪುಟಗಳಿವೆ, ಹೆಣ್ಣುಮಗಳ ಗಂಡನ ಕುಡಿತದ ವಿವರವೂ ಇದೆ. ಆಕೆಯಿಂದ ಹಣ ಪಡೆದು ವಿಮಾನ ಹತ್ತಿಸಿದವನ ಬಗ್ಗೆ ಒಂದು ಸಾಲೂ ಇಲ್ಲ. ಆತ ಮಸ್ಕತ್ತಿನವನಲ್ಲ, ನಿಮ್ಮ ಊರಿನವನೋ ಪಕ್ಕದ ಊರಿನವನೋ ಆಗಿರುತ್ತಾನೆ. ಬಸ್ ನಿಲ್ದಾಣದ ಹೋಟೆಲಿನಲ್ಲಿ ನಿಮಗೆ ನಮಸ್ಕಾರ ಮಾಡುವವನೂ ಆಗಿರಬಹುದು. ಪರವಾನಗಿ ಇರುವ ಏಜೆಂಟ್ ಕೂಡ ಸೇವಾ ಶುಲ್ಕವೆಂದು 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ, ಪಡೆದದ್ದಕ್ಕೆ ರಸೀದಿ ಕೊಡಲೇಬೇಕು. ಪರವಾನಗಿ ಇಲ್ಲದೆ ಜನರನ್ನು ಕಳುಹಿಸುವುದೇ ಅಪರಾಧ. ಆ ಅಪರಾಧಕ್ಕೆ 1983ರ ಕಾಯ್ದೆ ಹೇಳುವ ಶಿಕ್ಷೆ ಎರಡು ವರ್ಷದವರೆಗೆ ಸಜೆ ಮತ್ತು 2,000 ರೂಪಾಯಿವರೆಗೆ ದಂಡ. ಈಗಿನ ದರದಲ್ಲಿ ಏಜೆಂಟನ ಒಂದು ದಿನದ ಊಟ ತಿಂಡಿಯ ಖರ್ಚಿಗೆ ಸಮನಾದ ಆ ಮೊತ್ತವನ್ನು ತಿದ್ದಲು 2021ರಲ್ಲಿ ಒಂದು ಕರಡು ಮಸೂದೆ, 2025ರಲ್ಲಿ ಇನ್ನೊಂದು ಕರಡು ಹೊರಬಿದ್ದವು.

ನಿಷೇಧದ ಪ್ರಯೋಗವನ್ನು ಬೇರೆಯವರು ನಮಗಿಂತ ಗಟ್ಟಿಯಾಗಿಯೇ ಮಾಡಿ ನೋಡಿದ್ದಾರೆ. ಕುವೈತಿನಲ್ಲಿ ತನ್ನ ಹೆಣ್ಣುಮಗಳೊಬ್ಬಳು ಸತ್ತ ಬಳಿಕ 1998ರಲ್ಲಿ ನೇಪಾಳ ಬಾಗಿಲು ಹಾಕಿತು. ಮುಂದೆ ತೆರೆಯಿತು, ಮತ್ತೆ ಹಾಕಿತು. ನೇಪಾಳಿ ಹೆಂಗಸರು ಕಠ್ಮಂಡುವಿನ ಬದಲು ದೆಹಲಿಯಿಂದ ವಿಮಾನ ಹತ್ತಿದರು, ಅಷ್ಟೇ. ಫಿಲಿಪ್ಪೀನ್ಸ್‌ನ ಮಾತು ಬೇರೆ. 1995ರಲ್ಲಿ ಸಿಂಗಪುರದಲ್ಲಿ ತಮ್ಮ ಮನೆಗೆಲಸದ ಮಹಿಳೆಯೊಬ್ಬರು ಗಲ್ಲಿಗೇರಿದಾಗ ಆ ದೇಶ ಬೀದಿಗಿಳಿಯಿತು, ಅದೇ ವರ್ಷ ವಲಸೆ ಕಾರ್ಮಿಕರ ರಕ್ಷಣೆಗೆ ಕಾನೂನು ತಂದಿತು. 2006ರಲ್ಲಿ ಮನೆಗೆಲಸಕ್ಕೆ ತಿಂಗಳಿಗೆ ಕನಿಷ್ಠ 400 ಡಾಲರ್ ಎಂದು ಹಟ ಹಿಡಿಯಿತು. 2018ರಲ್ಲಿ ಕುವೈತಿಗೆ ಕಳುಹಿಸುವುದನ್ನು ಅದು ನಿಲ್ಲಿಸಿದ್ದು ನಿಜ, ಆದರೆ ಕೆಲವೇ ತಿಂಗಳಲ್ಲಿ ಕುವೈತನ್ನು ಒಪ್ಪಂದಕ್ಕೆ ಎಳೆದು ತಂದು ಮತ್ತೆ ಬಾಗಿಲು ತೆರೆಯಿತು. ಚೌಕಾಸಿಗೆ ಬಳಸಿದ ತಡೆಗೆ ನನ್ನ ತಕರಾರಿಲ್ಲ. ತಡೆ ಹಾಕಿ ಕೈತೊಳೆದುಕೊಳ್ಳುವುದಕ್ಕೆ ಇದೆ.

ಇನ್ನು, ‘ಇಲ್ಲೇ ಗಂಜಿ ಕುಡಿದು ಇರಬಾರದೇ’ ಎಂದು ನೀವು ಕೇಳಿದ್ದೀರಿ. ತುಂಗಭದ್ರಾ ಕಾಲುವೆಯ ನೀರು ಕಂಡ ಗಂಗಾವತಿಯಿಂದ ಈ ಪ್ರಶ್ನೆ ಬಂದದ್ದು ನನಗೆ ಆಶ್ಚರ್ಯವಲ್ಲ. ಕುಷ್ಟಗಿಯಿಂದಲೋ ದೇವದುರ್ಗದಿಂದಲೋ ಬಂದಿದ್ದರೆ ಆಶ್ಚರ್ಯಪಡುತ್ತಿದ್ದೆ. ಅಲ್ಲಿಯ ತಾಂಡಾಗಳಿಂದ, ಹಟ್ಟಿಗಳಿಂದ ಸುಗ್ಗಿ ಮುಗಿಯುತ್ತಲೇ ಇಡೀ ಕುಟುಂಬಗಳು ಗುಳೆ ಏಳುತ್ತವೆ. ಬೆಂಗಳೂರಿನ ಕಟ್ಟಡದ ಬುಡದಲ್ಲಿ ತಗಡಿನ ಶೆಡ್ಡು, ಶಾಲೆ ಬಿಟ್ಟ ಮಗು, ಮೇಸ್ತ್ರಿ ಮುರಿದುಕೊಂಡ ಕೂಲಿ: ಇದನ್ನು ನಿಷೇಧಿಸಿ ಎಂದು ನಮಗೆ ಯಾರೂ ಪತ್ರ ಬರೆದಿಲ್ಲ. ಗಡಿಯಾಚೆಯ ಕಡಪ ಜಿಲ್ಲೆಯ ಹೆಂಗಸರು ಎಷ್ಟೋ ವರ್ಷಗಳಿಂದ ಕುವೈತಿಗೆ ಹೋಗಿ ದುಡಿದು ಸಾಲ ತೀರಿಸಿ ಮನೆ ಕಟ್ಟಿಸಿದ್ದಾರೆ. ಬಳ್ಳಾರಿಯ ಜೀನ್ಸ್ ಘಟಕದಲ್ಲಿ ದಾರ ಕತ್ತರಿಸುತ್ತ ಕೂತ ಹೆಂಗಸು ಆ ಲೆಕ್ಕವನ್ನು ನೆಂಟರ ಬಾಯಿಂದಲೇ ಕೇಳಿರುತ್ತಾಳೆ. ಆಕೆ ಹೊರಡುವುದು ದಡ್ಡತನದಿಂದಲ್ಲ, ಲೆಕ್ಕ ಹಾಕಿಯೇ. ಆ ಲೆಕ್ಕದಲ್ಲಿ ಮೋಸವಾಗದಂತೆ ನೋಡಿಕೊಳ್ಳುವುದಷ್ಟೇ ನಮ್ಮ ಕೆಲಸ.

ಕುವೈತಿನ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. 2015ರಲ್ಲಿ ಆ ದೇಶ ಮನೆಗೆಲಸದವರಿಗಾಗಿಯೇ ಕಾನೂನು ಮಾಡಿತು: ವಾರಕ್ಕೊಂದು ರಜೆ, ದಿನಕ್ಕೆ 12 ತಾಸು ಮೀರದ ದುಡಿಮೆ, ವರ್ಷಕ್ಕೆ 30 ದಿನ ಸಂಬಳ ಸಹಿತ ರಜೆ. ಅಲ್ಲಿಯ ಮನೆಗಳ ಒಳಗೆ ಅದೆಷ್ಟು ನಡೆಯುತ್ತದೋ, ಸಂಶಯಪಡಲು ಕಾರಣಗಳಿವೆ. ಆದರೆ ರಾಯಚೂರಿನಲ್ಲಿ, ಬಳ್ಳಾರಿಯಲ್ಲಿ, ನಿಮ್ಮ ಗಂಗಾವತಿಯಲ್ಲಿ ಪಾತ್ರೆ ತಿಕ್ಕುವ ಹೆಂಗಸಿಗೆ ವಾರದ ರಜೆ ಕೊಡುವ ಮನೆಗಳನ್ನು ಎಣಿಸಲು ನಮಗೆ ಒಂದು ಕೈಯ ಬೆರಳುಗಳೇ ಹೆಚ್ಚಾದಾವು. 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಪಡಿಸಿದ ರಾಜ್ಯ ನಮ್ಮದು. ಆ ದರ ಎಷ್ಟೆಂದು ಈ ಅಂಕಣದ ಓದುಗರಲ್ಲಿ ಎಷ್ಟು ಮಂದಿಗೆ ಗೊತ್ತು? 2011ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮನೆಗೆಲಸದವರ ಹಕ್ಕುಗಳ 189ನೇ ಒಡಂಬಡಿಕೆಯನ್ನು ಮತಕ್ಕೆ ಹಾಕಿದಾಗ ಭಾರತ ಅದರ ಪರವಾಗಿ ಕೈ ಎತ್ತಿತು, ಊರಿಗೆ ಬಂದು ಅನುಮೋದಿಸದೆ ಕೂತಿತು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮನೆಗೆಲಸದವರಿಗೆ ಪ್ರತ್ಯೇಕ ಕಾನೂನು ಬೇಕೇ ಎಂದು ಪರಿಶೀಲಿಸಲು ಸಮಿತಿ ರಚಿಸುವಂತೆ ಕೇಂದ್ರಕ್ಕೆ ಸೂಚಿಸಬೇಕಾಯಿತು. ನಮ್ಮ ಅಡುಗೆಮನೆಯಲ್ಲಿ ಇಲ್ಲದ ಹಕ್ಕನ್ನು ಮಸ್ಕತ್ತಿನ ಅಡುಗೆಮನೆಯಲ್ಲಿ ಕೇಳುವಾಗ ನಮ್ಮ ರಾಯಭಾರಿಯ ದನಿ ಗಟ್ಟಿಯಾಗುವುದಾದರೂ ಹೇಗೆ?

ಕೇರಳ 1996ರಲ್ಲೇ ಹೊರನಾಡಿನವರ ವ್ಯವಹಾರಕ್ಕೆಂದು ನೋರ್ಕಾ ಇಲಾಖೆ ತೆರೆಯಿತು. ನಮ್ಮಲ್ಲಿ ಅನಿವಾಸಿ ಎಂದ ಕೂಡಲೇ ಬೆಂಗಳೂರಿಗೆ ಅಮೆರಿಕದ ಹೂಡಿಕೆದಾರ, ಸ್ವಲ್ಪ ಕನಿಕರವಿದ್ದರೆ ಮಂಗಳೂರಿನ ಗಲ್ಫ್ ನೌಕರ ನೆನಪಾಗುತ್ತಾರೆ. ಸಿಂಧನೂರಿನ ಖದ್ದಾಮಾ, ಅಂದರೆ ಗಲ್ಫ್ ಮನೆಗಳ ಕೆಲಸದ ಹೆಂಗಸು, ಯಾರ ನೆನಪಿಗೂ ಬರುವುದಿಲ್ಲ. ಈ ಭಾಗದ ಮುಖಂಡರು ರಾಯಚೂರಿಗೆ ವಿಮಾನ ನಿಲ್ದಾಣ ಕೇಳುವ ಉತ್ಸಾಹದ ಹತ್ತರಲ್ಲೊಂದು ಪಾಲಿನಲ್ಲಿ, ಜಿಲ್ಲಾ ಕಾರ್ಮಿಕ ಅಧಿಕಾರಿಯ ಕಚೇರಿಯಲ್ಲಿ ಒಂದು ಮೇಜು ಕೇಳಬಹುದಿತ್ತು: ಏಜೆಂಟನ ಪರವಾನಗಿ ಸಂಖ್ಯೆಯನ್ನು ಕಂಪ್ಯೂಟರಿನಲ್ಲಿ ನೋಡಿ ಹೇಳುವ, ಒಪ್ಪಂದವನ್ನು ಕನ್ನಡದಲ್ಲಿ ಓದಿ ತಿಳಿಸುವ, ಪಾಸ್‌ಪೋರ್ಟಿನ ಮತ್ತು ವೀಸಾದ ಪ್ರತಿಯನ್ನು ಮನೆಯವರ ಕೈಯಲ್ಲಿ ಬಿಟ್ಟು ಹೋಗುವಂತೆ ಹೇಳಿಕೊಡುವ ಒಬ್ಬ ಗುಮಾಸ್ತ ಕೂರುವ ಮೇಜು.

ನಿಮ್ಮ ಓಣಿಯ ಹೆಣ್ಣುಮಗಳ ವಿಷಯ ಇನ್ನೂ ಮುಗಿದಿಲ್ಲ. ಸಂಬಳದ ಬಾಕಿಗಾಗಿ ವಿದೇಶಾಂಗ ಇಲಾಖೆಯ ಮದದ್ ವ್ಯವಸ್ಥೆಯಲ್ಲಿ ದೂರು ದಾಖಲಿಸಬಹುದು. ವಿಮಾನದ ಟಿಕೆಟ್, ವೀಸಾದ ಹಾಳೆ, ಏಜೆಂಟನಿಗೆ ಫೋನಿನಲ್ಲಿ ಹಣ ಕಳುಹಿಸಿದ ದಾಖಲೆ, ಅವನ ವಾಟ್ಸ್‌ಆ್ಯಪ್ ಧ್ವನಿ ಸಂದೇಶ, ಯಾವುದನ್ನೂ ಅಳಿಸದೆ ಇಟ್ಟುಕೊಳ್ಳಲು ಹೇಳಿ. ಏಜೆಂಟನ ಮೇಲೆ ಸ್ಥಳೀಯ ಠಾಣೆಯಲ್ಲಿ ದೂರು ಕೊಟ್ಟು, ಅದರ ಪ್ರತಿಯನ್ನು ಬೆಂಗಳೂರಿನ ವಲಸೆ ಸಂರಕ್ಷಕರ ಕಚೇರಿಗೆ ಕಳುಹಿಸಿ. ಈ ಸಲ ಅವನ ಹೆಸರು ಮೊದಲ ಸಾಲಿನಲ್ಲೇ ಇರಲಿ. ಅರ್ಜಿ ಬರೆದುಕೊಡಲು ನಮ್ಮ ಕಚೇರಿಯ ಹುಡುಗರು ಸಿದ್ಧರಿದ್ದಾರೆ, ಆದರೆ ನೀವೇ ಬರೆದರೆ ಒಳ್ಳೆಯದು: ನಿಮ್ಮ ಕನ್ನಡ ಅವರದಕ್ಕಿಂತ ಚೆನ್ನಾಗಿದೆ.