ಕೈರೋದ ಆಡುಮಾತಿನಲ್ಲಿ ಪದಕ್ರಮ

ಪ್ರಶ್ನೆ: ವ್ಯಾಕರಣ ಪುಸ್ತಕದ ನೆರವಿನಿಂದ ಅರಬ್ಬಿ ಕಲಿಯುತ್ತಿದ್ದೇನೆ. ಅರಬ್ಬಿ ವಾಕ್ಯ ಕ್ರಿಯಾಪದದಿಂದ ಆರಂಭವಾಗುತ್ತದೆ ಎಂದು ಅದರಲ್ಲಿದೆ. ಆದರೆ ಈಜಿಪ್ಟಿನ ಚಲನಚಿತ್ರಗಳಲ್ಲಿ ಕರ್ತೃಪದವೇ ಮೊದಲು ಕೇಳಿಸುತ್ತದೆ, ಪ್ರಶ್ನಾರ್ಥಕ ಪದ ಕೊನೆಗೆ ಬರುತ್ತದೆ. ಆಡುಮಾತಿಗೆ ಪದಕ್ರಮದ ನಿಯಮವೇ ಇಲ್ಲವೇ?

ಉತ್ತರ: ಇದೆ, ಆದರೆ ಅದು ಗ್ರಾಂಥಿಕ ಅರಬ್ಬಿಯ ನಿಯಮವಲ್ಲ. 'ಹುಡುಗ ಪತ್ರ ಬರೆದ' ಎನ್ನಲು ಗ್ರಾಂಥಿಕ ಭಾಷೆಯಲ್ಲಿ 'ಕತಬ ಅಲ್-ವಲದು ಅರ್-ರಿಸಾಲತ' ಎಂದು ಕ್ರಿಯಾಪದವನ್ನು ಮುಂದಿಡುವುದು ರೂಢಿ. ಇಲ್ಲಿ 'ವಲದು' ಎಂಬುದರ ಕೊನೆಯ ಉಕಾರ ಕರ್ತೃವನ್ನೂ 'ರಿಸಾಲತ' ಎಂಬುದರ ಕೊನೆಯ ಅಕಾರ ಕರ್ಮವನ್ನೂ ಸೂಚಿಸುತ್ತವೆ. ಕೈರೋದ ಮಾತಿನಲ್ಲಿ ಈ ವಿಭಕ್ತಿ ಪ್ರತ್ಯಯಗಳು ಉಳಿದಿಲ್ಲ. ಹಾಗಾಗಿ 'ಇಲ್-ವಲದ್ ಕತಬ್ ಇಲ್-ಗವಾಬ್' ಎಂದು ಕರ್ತೃ, ಕ್ರಿಯೆ, ಕರ್ಮ ಈ ಕ್ರಮದಲ್ಲಿ ಬರುವುದೇ ಸಾಮಾನ್ಯ.

ಪ್ರತ್ಯಯ ಹೋಯಿತು, ಆದ್ದರಿಂದ ಸ್ಥಾನ ಗಟ್ಟಿಯಾಯಿತು ಎಂಬ ಈ ವಿವರಣೆ ಜನಪ್ರಿಯವಾದರೂ ಅರ್ಧ ಮಾತ್ರ ಸರಿ ಎಂದು ನನ್ನ ಅಭಿಪ್ರಾಯ. ಯಾವ ಪದ ಮೊದಲು ಬರಬೇಕೆಂಬುದನ್ನು ಕೇಳುಗನಿಗೆ ಆಗಲೇ ಗೊತ್ತಿರುವುದೇನು ಎಂಬ ಲೆಕ್ಕಾಚಾರವೂ ನಿರ್ಧರಿಸುತ್ತದೆ. ಪರಿಚಿತ ವ್ಯಕ್ತಿಯ ಬಗ್ಗೆ 'ಇರ್-ರಾಗಿಲ್ ಬರ್ರಾ', ಅಂದರೆ ಆ ಮನುಷ್ಯ ಹೊರಗಿದ್ದಾನೆ ಎನ್ನುವವರು, ಅಪರಿಚಿತನೊಬ್ಬ ಬಂದು ನಿಂತಿದ್ದರೆ 'ರಾಗಿಲ್ ಬರ್ರಾ' ಎಂದು ಆರಂಭಿಸುವುದಿಲ್ಲ. 'ಇದ್ದಾನೆ' ಎಂಬರ್ಥದ 'ಫೀ' ಸೇರಿಸಿ 'ಫೀ ರಾಗಿಲ್ ಬರ್ರಾ' ಎನ್ನುತ್ತಾರೆ. ಕನ್ನಡದಲ್ಲಿಯೂ 'ಆ ಮನುಷ್ಯ ಹೊರಗಿದ್ದಾನೆ', 'ಹೊರಗೆ ಒಬ್ಬ ಮನುಷ್ಯ ಇದ್ದಾನೆ' ಎಂದು ಪದಗಳು ಜಾಗ ಬದಲಿಸುವುದನ್ನು ಗಮನಿಸಿ.

ಕ್ರಿಯಾಪದ ಮೊದಲಾಗುವ ವಾಕ್ಯಗಳು ಕೈರೋದಲ್ಲಿಯೂ ಇಲ್ಲದಿಲ್ಲ, ಆದರೆ ಅಲ್ಲಿ ಅನ್ವಯ ಬೇರೆ. ಹುಡುಗರು ಹೊರಟರು ಎನ್ನುವಾಗ ಗ್ರಾಂಥಿಕ ಭಾಷೆಯ 'ಖರಜ ಅಲ್-ಅವ್‌ಲಾದು' ಎಂಬಲ್ಲಿ ಕರ್ತೃ ಬಹುವಚನವಾದರೂ ಮುಂದಿರುವ ಕ್ರಿಯಾಪದ ಏಕವಚನದಲ್ಲಿಯೇ ಉಳಿಯುತ್ತದೆ. ಆಡುಮಾತಿನಲ್ಲಿ 'ಖರಗು ಇಲ್-ವಿಲಾದ್' ಎಂದರೂ 'ಇಲ್-ವಿಲಾದ್ ಖರಗು' ಎಂದರೂ ಕ್ರಿಯಾಪದ ಬಹುವಚನವೇ. ಕಲಿಯುವವರಿಗೆ ಇದೊಂದು ದೊಡ್ಡ ಅನುಕೂಲ.

ಇನ್ನು ಪ್ರಶ್ನಾರ್ಥಕ ಪದದ ವಿಚಾರ. 'ಇಂತ ರಾಯಿಹ್ ಫೇನ್?' ಎಂದರೆ ನೀನು ಎಲ್ಲಿಗೆ ಹೊರಟಿದ್ದೀಯ ಎಂದು. 'ಅನ ರಾಯಿಹ್ ಇಲ್-ಮದ್ರಸ', ಅಂದರೆ ನಾನು ಶಾಲೆಗೆ ಹೊರಟಿದ್ದೇನೆ ಎಂಬ ಉತ್ತರದಲ್ಲಿ ಶಾಲೆ ಕುಳಿತ ಜಾಗದಲ್ಲಿಯೇ ಪ್ರಶ್ನೆಯ 'ಫೇನ್' ಕುಳಿತಿದೆ. 'ಯಾರು' ಎಂಬರ್ಥದ 'ಮೀನ್' ಕರ್ತೃವಾದಾಗ ಸಹಜವಾಗಿಯೇ ಮುಂದೆ ಬರುತ್ತದೆ. 'ಏಕೆ' ಎಂಬರ್ಥದ 'ಲೇಹ್' ವಾಕ್ಯದ ಎರಡು ತುದಿಗಳಲ್ಲಿಯೂ ಬರಬಲ್ಲದು.

ಕರ್ಮಪದವನ್ನೇ ಮುಂದಿಡಬೇಕೆನಿಸಿದರೆ ಅದಕ್ಕೂ ಅವಕಾಶವಿದೆ. 'ಇಲ್-ಗವಾಬ್ ಕತಬ್ತು' ಎಂಬಲ್ಲಿ ಕೊನೆಯ ಉಕಾರಕ್ಕೆ 'ಅದನ್ನು' ಎಂಬರ್ಥವಿದ್ದು, ಇಡೀ ವಾಕ್ಯ 'ಆ ಪತ್ರ, ನಾನು ಅದನ್ನು ಬರೆದೆ' ಎಂದಾಗುತ್ತದೆ. 'ಪತ್ರವನ್ನು' ಎಂದೊಡನೆ ಕೆಲಸ ಮುಗಿಯುವ ನಮ್ಮ ಅಭ್ಯಾಸದಿಂದ ಈ ಉಕಾರವನ್ನು ಬಿಟ್ಟುಬಿಡುವ ಸಾಧ್ಯತೆ ಹೆಚ್ಚು. ಬಿಟ್ಟರೆ ಕೈರೋದವರ ಕಿವಿಗೆ ವಾಕ್ಯ ಅಪೂರ್ಣವೆನಿಸುತ್ತದೆ.